ಕಬ್ಬು ಕಚ್ಚಿ ಬಿದ್ದ ಹಲ್ಲುಗಳು

ಯಾವ ಜಾನುವಾರು ಕೊಳ್ಳುವುದಿದ್ದರೂ ಮೊದಲು ಅದರ ಬಾಯಿ ತೆರೆಸಿ ನೋಡಿ. ಮೈ ತೊಳೆದು ಎಣ್ಣೆ ಸವರಿದರೆ ಮುದಿ ಎಮ್ಮೆಯೂ ಹೊಳೆಯುತ್ತದೆ. ಕೋಡಿಗೆ ಬಣ್ಣ ಬಳಿದರೆ ಬಡಕಲು ಎತ್ತೂ ಮದುಮಗನ ಹಾಗೆ ನಿಲ್ಲುತ್ತದೆ. ಹಲ್ಲು ಮಾತ್ರ ದಲ್ಲಾಳಿಯ ಮಾತು ಕೇಳುವುದಿಲ್ಲ, ವಯಸ್ಸು ಎಷ್ಟೋ ಅಷ್ಟನ್ನೇ ಹೇಳುತ್ತದೆ. ಹುಮನಾಬಾದಿನ ದನದ ಸಂತೆಯಲ್ಲಿ ನಾನು ದಲ್ಲಾಳಿಯಾಗಿ ಬದುಕು ಕಟ್ಟಿಕೊಂಡದ್ದು ಇದೊಂದು ತಿಳಿವಳಿಕೆಯ ಮೇಲೆ. ಅಪ್ಪ ನನಗೆ ಕೊಟ್ಟಿದ್ದು ಒಂದು ಕೋಲು, ಅಣ್ಣನಿಗೆ ಕೊಟ್ಟಿದ್ದು ಕುರಿಗಳು. ನಾನು ಕೋಲು ಹಿಡಿದು ಸಂತೆಗೆ ಬಂದೆ, ಅಣ್ಣ ಕುರಿಗಳ ಹಿಂದೆ ಉಳಿದ.

ಅಣ್ಣನ ಊರು ಬಸವಕಲ್ಯಾಣದ ಕಡೆ, ಹೆದ್ದಾರಿಗೆ ಹತ್ತಿರ. ಅವನ ಕುರಿ ಕಾಯುವ ಬಗೆಯೇ ಬೇರೆ. ಕೈಯಲ್ಲಿ ಕೋಲಿದ್ದರೂ ಎತ್ತುವುದಿಲ್ಲ, ಕಲ್ಲು ಎಸೆಯುವುದಿಲ್ಲ, ಕೂಗುವುದಿಲ್ಲ. ನಾಲಿಗೆಯನ್ನು ಮೇಲಿನ ಮುಂದಿನ ಹಲ್ಲಿಗೆ ಒತ್ತಿ ಒಂದು ಸಿಳ್ಳೆ ಹಾಕುತ್ತಿದ್ದ. ಉದ್ದಕ್ಕೆ ಎಳೆದು ಕೊನೆಗೆ ಮೇಲಕ್ಕೆ ಚಿಮ್ಮಿಸಿದರೆ ಹಿಂಡು ನಿಂತಲ್ಲಿಂದ ತಿರುಗಿ ಅವನ ಕಡೆ ಬರುತ್ತಿತ್ತು. ಮುಂಬೈ ಕಡೆಯಿಂದ ಹೈದರಾಬಾದಿಗೆ ಓಡುವ ಲಾರಿಗಳ ಪಕ್ಕದಲ್ಲೇ ಮೇಯಿಸುತ್ತಿದ್ದವನಿಗೆ ಅದು ಬೇಲಿಯೂ ಹೌದು, ಬಾಗಿಲೂ ಹೌದು. ರಸ್ತೆಯ ಅಂಚಿಗೆ ಹೋದ ಕುರಿ ಆ ಸಿಳ್ಳೆಗೆ ಹಗ್ಗ ಎಳೆದ ಹಾಗೆ ಹಿಂದಕ್ಕೆ ಬರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅವನಿಗೆ ಆರೋಗ್ಯ ವಿಮೆ ಮಾಡಿಸಿದವನು ನಾನೇ. ವಿಮೆ ಕೊಳ್ಳುವುದೂ ಎಮ್ಮೆ ಕೊಳ್ಳುವ ಹಾಗೆಯೇ ಎಂದು ಸಂತೆಗೆ ಬರುವ ರೈತರಿಗೆಲ್ಲ ಹೇಳುತ್ತಿರುತ್ತೇನೆ. ಮಾರುವವನು ಹಾಲಿನ ಮಾತಾಡುತ್ತಾನೆ, ನೀವು ಒದೆಯ ಮಾತು ಕೇಳಬೇಕು. ಹಾಗೇ ಏಜೆಂಟನನ್ನು ಚಹಾ ಅಂಗಡಿಯಲ್ಲಿ ಕೂರಿಸಿ, ಇದು ಏನೇನು ಕೊಡುವುದಿಲ್ಲ ಎನ್ನುವುದನ್ನು ಮೊದಲು ಹೇಳಿಸಿದೆ. ಹಲ್ಲಿನ ಸಂಗತಿ ಬಂದಾಗ ಅವನು ದನಿ ಇಳಿಸಿದ. ಬಹಳಷ್ಟು ಪಾಲಿಸಿಗಳು ಹಲ್ಲಿನ ತಂಟೆಗೆ ಹೋಗುವುದಿಲ್ಲವಂತೆ. ಹುಳುಕು, ಸವೆತ, ವಯಸ್ಸಿಗೆ ಅಲುಗಾಡಿ ಬಿದ್ದದ್ದು ಯಾವುದಕ್ಕೂ ಇಲ್ಲ. ಈ ಪಾಲಿಸಿಯಲ್ಲಿ ಮಾತ್ರ, ಅಪಘಾತದಲ್ಲಿ ಗಟ್ಟಿ ಹಲ್ಲು ಮುರಿದು ಆಸ್ಪತ್ರೆಗೆ ಸೇರಿದ್ದರೆ, ಇಂಪ್ಲಾಂಟಿಗೂ ಕೊಡುತ್ತಾರಂತೆ. ಇಂಪ್ಲಾಂಟ್ ಎಂದರೆ ದವಡೆಯ ಎಲುಬಿಗೇ ತಿರುಪು ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಅದಕ್ಕೆ ಕಂತು ಸ್ವಲ್ಪ ಹೆಚ್ಚು. ನಾನು ಏಜೆಂಟನ ಕಮಿಷನ್ನಿನಲ್ಲಿ ಅದನ್ನು ಹಿಂಡಿಕೊಂಡೆ, ಅದು ಬೇರೆ ಮಾತು.

ಹೆಬ್ಬೆಟ್ಟಿಗೆ ಶಾಯಿ ಬಳಿದುಕೊಳ್ಳುತ್ತ ಅಣ್ಣ ನಕ್ಕಿದ್ದ. "ಹಲ್ಲಿಗೂ ವಿಮಾ ಏನೋ ತಮ್ಮಾ? ಕೂದಲಕ್ಕೂ ಮಾಡಿಸಿಬಿಡು, ಉಳದಿದ್ದು ನಾಕು ಅದಾವ."

"ನಗು ನಗು. ಹಲ್ಲು ಅದಾವ ಅಂತ ನಗಾಕತ್ತಿ."

ಅಂದಿದ್ದು ನಾನು, ಹಾಸ್ಯಕ್ಕೆ.

ಅದಾದ ಮೇಲೆ ಬಂದದ್ದು ಎಮ್ಮೆಯ ಮಾರಾಟ. ಅಣ್ಣನ ಮನೆಯಲ್ಲಿ ಕುರಿಗಳ ಜೊತೆ ಒಂದು ಎಮ್ಮೆ ಇತ್ತು, ಮೂರನೆಯ ಸೂಲಿನದು, ಗಡಿಗೆಯಂಥ ಕೆಚ್ಚಲು, ಜೊತೆಗೆ ಹಾಲು ಕುಡಿಯುವ ಕರು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಒಬ್ಬಾಕೆ ಎಮ್ಮೆಗಳನ್ನು ಕಟ್ಟಿಕೊಂಡು, ಹಾಲು ಕಾಯಿಸಿ ಖವಾ ಮಾಡಿ, ಅಲ್ಲಿನ ಮಠಕ್ಕೆ ಬರುವ ಜನರಿಗೆಂದು ಪೇಡೆ ಮಾಡುವ ಅಂಗಡಿಯವರಿಗೆ ಕೊಡುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತಾನೇ ನಿಂತು ಬೆಳೆಸಿದ ವ್ಯಾಪಾರ. ಆಕೆಯ ಜೊತೆ ಚೌಕಾಶಿ ಮಾಡುವುದು ನನಗೆ ಯಾವತ್ತೂ ಕಷ್ಟ. ನಮ್ಮ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ; ಇಬ್ಬರ ಕೈ ಮೇಲೆ ಒಂದು ಟಾವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಆಕೆ ನನ್ನ ಟಾವೆಲ್ಲನ್ನು ನೋಡಿ, "ಅದನ್ನ ಹೆಗಲ ಮ್ಯಾಲ ಹಾಕ್ಕೋರಿ ಅಣ್ಣಾರ, ಬಾಯಿ ಅದ ಅಲ್ಲ, ಬಾಯಿಲೇ ಹೇಳ್ರಿ," ಎನ್ನುವವಳು. ಹತ್ತು ಜನ ಕೇಳುವ ಹಾಗೆ ದರ ಹೇಳಬೇಕಾದರೆ ದಲ್ಲಾಳಿಯ ಅರ್ಧ ಬುದ್ಧಿ ಅಲ್ಲೇ ಖಾಲಿಯಾಗುತ್ತದೆ.

ಅಂತೂ ಅಣ್ಣನ ಅಂಗಳದಲ್ಲೇ ದರ ಕುದುರಿತು. ನಮ್ಮಲ್ಲಿ ದರ ಕುದುರಿದ ಮೇಲೆ ಮಾರುವವನು ಒಂದು ಮಾತು ಕೊಡಬೇಕು. ಅಣ್ಣ ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟು ಕೊಟ್ಟ: "ಹಾಯಂಗಿಲ್ಲ, ಒದಿಯಂಗಿಲ್ಲ." ಆ ಮಾತು ಸುಳ್ಳಾದರೆ ಕೊಂಡವರು ಹಗ್ಗ ಸಮೇತ ಎಮ್ಮೆಯನ್ನು ತಂದು ಮಾರಿದವನ ಅಂಗಳದಲ್ಲಿ ಕಟ್ಟಿ ಹೋಗಬಹುದು. ಹಾಗೆ ಒಮ್ಮೆ ತಿರುಗಿ ಬಂದ ಎಮ್ಮೆಯನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ, ಕಡೆಗೆ ಕಸಾಯಿಯೇ ಗತಿ. ಮರುದಿನ ಬೆಳಿಗ್ಗೆ ಆಟೋ ತಂದು ಹಗ್ಗ ಹಿಡಿದು ಹೋಗುವುದೆಂದು ಆಕೆ ಹೇಳಿದಳು. ಎಮ್ಮೆಯನ್ನು ಏರಿಸಲು ಹಿಂದಿನಿಂದ ಟೆಂಪೊ ಬರುವುದಿತ್ತು.

ಆ ಬೆಳಿಗ್ಗೆ ನಾನು ಅಣ್ಣನ ಮನೆಯ ಬಾಗಿಲಲ್ಲಿ ನಿಂತು ಆಟೋದ ದಾರಿ ನೋಡುತ್ತಿದ್ದೆ. ಅಣ್ಣ ಕೊಟ್ಟಿಗೆಯಲ್ಲಿ ಕೊನೆಯ ಸಲ ಹಾಲು ಹಿಂಡುತ್ತಿದ್ದ. ಬಕೆಟ್ಟು ಉರುಳಿದ ಸದ್ದು ಕೇಳಿತು. ಒಳಗೆ ಓಡಿದರೆ ಅಣ್ಣ ಸಗಣಿಯಲ್ಲಿ ಕೂತಿದ್ದ, ಎರಡೂ ಕೈ ಬಾಯಿಯ ಮೇಲೆ, ಬೆರಳ ಸಂದಿಯಿಂದ ರಕ್ತ ಮೊಳಕೈವರೆಗೆ ಇಳಿಯುತ್ತಿತ್ತು. ಎಮ್ಮೆ ಹಿಂದಿನ ಕಾಲು ಇನ್ನೂ ಎತ್ತಿಕೊಂಡೇ ನಿಂತಿತ್ತು, ತಾನೇ ಹೆದರಿದ ಹಾಗೆ. ಹಾಲು, ರಕ್ತ, ಅದರ ನಡುವೆ ಎರಡು ಹಲ್ಲು. ದನಗಳ ಹಲ್ಲು ಎಷ್ಟೋ ಹಿಡಿದು ನೋಡಿದ ಈ ಕೈ ಆ ಎರಡನ್ನೂ ಸಗಣಿಯಿಂದ ಹೆಕ್ಕಿತು.

ಅಷ್ಟರಲ್ಲಿ ಖವಾದ ಅಕ್ಕ ಆಟೋದಿಂದ ಇಳಿದೇಬಿಟ್ಟಳು. "ಏನಾಯ್ತ್ರಿ?" ಎಂದು ಕೂಗಿದಳು. ಉತ್ತರ ಹೇಳುವ ಹೊತ್ತು ಅದಲ್ಲ. ಅದೇ ಆಟೋದಲ್ಲಿ ಮೂವರೂ ಬಸವಕಲ್ಯಾಣದ ಖಾಸಗಿ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅಣ್ಣನ ತಲೆ ಆಕೆಯ ಹೆಗಲ ಮೇಲಿತ್ತು. ನನ್ನ ವ್ಯಾಪಾರದ ಟಾವೆಲ್ಲನ್ನೇ ಆಕೆ ಅವನ ಬಾಯಿಗೆ ಒತ್ತಿ ಹಿಡಿದಿದ್ದಳು.

ಆಸ್ಪತ್ರೆಯ ಬಾಗಿಲಲ್ಲಿ ಆಟೋದವನು ಬಾಯಿಗೆ ಬಂದಷ್ಟು ಕೇಳಿದ. ರಕ್ತ ಕಂಡಿದ್ದಕ್ಕೇ ಬೇರೆ ಬಾಡಿಗೆ ಎಂದ. ನಾನು ಬಿಡುವವನೇ? ಅವರಿಬ್ಬರನ್ನು ಒಳಗೆ ಕಳಿಸಿ ಅವನ ಜೊತೆ ವಾದಕ್ಕೆ ನಿಂತೆ. ಗೆದ್ದೆ ಕೂಡ. ಒಳಗೆ ಹೋಗುವಷ್ಟರಲ್ಲಿ ಡಾಕ್ಟರರು ಕೇಳುವುದನ್ನೆಲ್ಲ ಕೇಳಿ ಮುಗಿಸಿ ತುಟಿಗೆ ಹೊಲಿಗೆ ಹಾಕುತ್ತಿದ್ದರು. ಮೂರನೆಯ ಹಲ್ಲು ಬುಡದಲ್ಲೇ ಮುರಿದಿತ್ತು, ಅದನ್ನೂ ಕಿತ್ತರು. ಅಣ್ಣನನ್ನು ಮಲಗಿಸಿಕೊಂಡರು. ಖವಾದ ಅಕ್ಕ ವಾಪಸು ಹೋಗಿ ಎಮ್ಮೆಯನ್ನು ಟೆಂಪೊಗೆ ಏರಿಸಿಕೊಂಡು ಹೋದಳು. ಹಗ್ಗವನ್ನು ಅಣ್ಣನ ಕೈಯಿಂದಲೇ ಇಸಿದುಕೊಳ್ಳಬೇಕಲ್ಲ ಎಂದು ಟೆಂಪೊವನ್ನು ಆಸ್ಪತ್ರೆಯ ಮುಂದೆ ನಿಲ್ಲಿಸಿ, ಹಗ್ಗ ಬಿಚ್ಚಿ ಒಳಗೆ ತಂದು, ಹಾಸಿಗೆಯಲ್ಲಿದ್ದವನ ಕೈಗೆ ಮುಟ್ಟಿಸಿ ಒಯ್ದಿದ್ದಳು. ನನಗೆ ಒಳಗೊಳಗೆ ಸಮಾಧಾನವೇ ಆಯಿತು. ಎಮ್ಮೆ ಒದ್ದದ್ದು ಆಕೆಗೆ ತಿಳಿಯಲಿಲ್ಲ, ವ್ಯಾಪಾರ ಉಳಿಯಿತು, ಅಣ್ಣನ ಹಲ್ಲಿಗೆ ವಿಮೆ ಇದೆ. ಹೀಗೆ ಎಣಿಸಿಕೊಂಡಿದ್ದೆ.

ಗಾಯ ಮಾಯ್ದ ಮೇಲೆ ಅಣ್ಣ ತೆಗೆದು ಹಾಕುವ ಹಲ್ಲಿನ ಸೆಟ್ಟು ಹಾಕಿಸಿಕೊಂಡ. ರೊಟ್ಟಿ ತಿನ್ನಲು ಪರವಾಗಿಲ್ಲ ಎಂದ. ಆದರೆ ಮೊದಲ ದಿನ ಹಿಂಡಿನ ಮುಂದೆ ನಿಂತು ಸಿಳ್ಳೆ ಹಾಕಿದಾಗ ಸಿಳ್ಳೆಯ ಬದಲು ಸೆಟ್ಟೇ ಹಾರಿ ಕುರಿಗಳ ನಡುವೆ ಬಿತ್ತು. ಒಂದು ಕುರಿ ಅದನ್ನು ಮೂಸಿ ನೋಡಿತಂತೆ. ಅಣ್ಣನ ಹೆಂಡತಿ, ನಮ್ಮ ವೈನಿ, ಅದನ್ನು ಹೇಳುತ್ತ ಹೇಳುತ್ತ ನಕ್ಕಳು, ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೆಟ್ಟು ತೆಗೆದು ಊದಿದರೆ ಬರೀ ಗಾಳಿ. ಬೆರಳಿಟ್ಟು ಊದಿದ, ಪೇಟೆಯಿಂದ ಪೀಪಿ ತಂದು ಊದಿದ. ಕುರಿಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಒಂದು ಸಂಜೆ ಹಿಂಡು ರಸ್ತೆಗೆ ಏರಿತು. ಅಣ್ಣ ಬಾಯಿ ಬಡಿದುಕೊಂಡು ಓಡಿದ. ಗಬ್ಬಾದ ಕುರಿಯೊಂದು ಲಾರಿಗೆ ಸಿಕ್ಕಿತು.

ಆವತ್ತು ಅವನು ನನಗೆ ಫೋನು ಮಾಡಿ, "ತಮ್ಮಾ, ಕುರಿ ಎಲ್ಲಾ ಕೊಟ್ಟುಬಿಡೂನು. ಗಿರಾಕಿ ನೋಡು," ಎಂದ.

ನಾನು ಯಾರ ಕುರಿ ಬೇಕಾದರೂ ಮಾರುತ್ತೇನೆ. ಅಪ್ಪನ ಕುರಿಗಳಿಗೆ ಗಿರಾಕಿ ಹುಡುಕುವುದು ಮಾತ್ರ ನನ್ನಿಂದಾಗದು. "ಸುಮ್ಮ ಇರು, ಹಲ್ಲು ಕೂರಸ್ತೀನಿ," ಎಂದು ಬೈದು, ಬಸವಕಲ್ಯಾಣದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಆಕೆ ಎಕ್ಸ್‌ರೇ ನೋಡಿ ಎಲುಬು ಗಟ್ಟಿ ಇದೆ, ಇಂಪ್ಲಾಂಟ್ ಕೂರುತ್ತದೆ, ಅಲುಗಾಡುವುದಿಲ್ಲ, ಸಿಳ್ಳೆಯೂ ಬರಬಹುದು ಎಂದಳು. ಖರ್ಚು ಕೇಳಿದ ಅಣ್ಣ ಎದ್ದು ನಿಂತ. ನಾನು ಅವನನ್ನು ಕೂರಿಸಿದೆ. ವಿಮೆ ಮಾಡಿಸಿದ್ದು ಯಾತಕ್ಕೆ?

ಕಂಪನಿಯ ಉತ್ತರ ಬಂದದ್ದು ಸಂತೆಯ ದಿನ. ಒಂದು ಹೋರಿಯ ಬಾಯಿ ಬಿಡಿಸಿ ಹಿಡಿದಿದ್ದೆ. ಏಜೆಂಟ ಫೋನು ಮಾಡಿ, "ಆಗಂಗಿಲ್ರಿ, ಇಂಪ್ಲಾಂಟಿಗೆ ಕೊಡಂಗಿಲ್ಲ ಅಂದಾರ," ಎಂದ.

"ಯಾಕ? ಅಪಘಾತ ಅಲ್ಲೇನದು?"

"ಅಪಘಾತ ಹ್ಯಾಂಗ ಆಗ್ತದ್ರಿ? ಹಲ್ಲು ಮದಲ ಅಲಗಾಡತಿದ್ವು, ಕಬ್ಬು ಕಚ್ಚಿದೆ, ಬಿದ್ವು, ರಕ್ತ ನೋಡಿ ತಲಿ ತಿರುಗಿ ಗ್ವಾದಲಿ ಮ್ಯಾಲ ಬಿದ್ದು ತುಟಿ ಒಡಕೊಂಡೆ ಅಂತ ನಿಮ್ಮ ಅಣ್ಣಾರೇ ಡಾಕ್ಟರ್ ಮುಂದ ಹೇಳ್ಯಾರ. ತುಟಿಗೆ ಕೊಟ್ಟಾರ, ಹಲ್ಲಿಗೆ ಇಲ್ಲ."

ಹೋರಿಯ ಬಾಯಿ ಯಾವಾಗ ಬಿಟ್ಟೆನೋ ಗೊತ್ತಿಲ್ಲ. ಸಂತೆಯ ಗದ್ದಲವೆಲ್ಲ ಒಮ್ಮೆ ದೂರ ಹೋದ ಹಾಗಾಯಿತು. ಸುಳ್ಳು ಹೇಳುವುದು ನನ್ನ ಧಂದೆಗೆ ಹತ್ತಿದ ಮಾತು, ಅದನ್ನು ನಾನು ಮುಚ್ಚಿಡುವುದಿಲ್ಲ. ಅಣ್ಣ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ಎಮ್ಮೆ ಮಾರುವಾಗಲೂ ಅದರ ಬಾಲದ ಗಾಯವನ್ನು ತಾನೇ ಎತ್ತಿ ತೋರಿಸುವವನು. ಅಂಥವನು ಬಾಯಲ್ಲಿ ರಕ್ತ ತುಂಬಿಕೊಂಡು ಇಷ್ಟು ಚೊಕ್ಕ ಸುಳ್ಳು ಕಟ್ಟಿದ್ದಾನೆ! ಅದೂ ಕಬ್ಬು, ದನ ಮೇವು ತಿನ್ನುವ ಗೋದಲಿ ಎಲ್ಲ ಸೇರಿಸಿ!

ಬಸ್ಸು ಹಿಡಿದು ನೇರ ಅವನ ಮನೆಗೆ ಹೋದೆ. ಅಂಗಳದಲ್ಲಿ ಕಂಬಳಿ ಕೊಡವುತ್ತಿದ್ದ.

"ಕಬ್ಬು ತಿಂದಿಯೇನೋ ಅಣ್ಣಾ? ನಮಗ ಒಂದು ಗಣಿಕಿ ಇಡಲಿಲ್ಲ?"

ಅವನಿಗೆ ತಿಳಿಯಿತು. ಕಂಬಳಿ ಮಡಚಿದ. "ಆ ಅಕ್ಕ ಬಾಜೂಕ ನಿಂತಿದ್ಳಲ್ಲೋ. ಹಿಂದಿನ ದಿನಾ ಬೆನ್ನ ಮ್ಯಾಲ ಕೈ ಇಟ್ಟು ಒದಿಯಂಗಿಲ್ಲ ಅಂದೀನಿ. ಮರುದಿನಾ ಒದೀತು ಅಂತ ಹ್ಯಾಂಗ ಹೇಳ್ಲಿ?"

"ಒದ್ದದ್ದು ಖರೆ ಅದ ಅಲ್ಲೋ!"

"ಒದ್ದದ. ಆದ್ರ ಅದು ಒದಿಯೂ ಎಮ್ಮಿ ಅಲ್ಲ. ಕರಾ ಒದರಾಕತ್ತಿತ್ತು, ಅದಕ್ಕ ಮನಿ ಬಿಡೂದು ಗೊತ್ತಾಗಿತ್ತು. ಒಂದ ಸಲ ಕಾಲು ಝಾಡಿಸ್ತು. ಅದಕ್ಕ ಕಸಾಯಿ ಕೈಗಿ ಕಳಸ್ಲೇನು?"

ಈಗಲಾದರೂ ಬಂದು ನಿಜ ಹೇಳು ಎಂದೆ. ಒಪ್ಪಲಿಲ್ಲ. ಎಮ್ಮೆ ಈಗ ಇನ್ನೊಬ್ಬರ ಮನೆ ಸೇರಿದೆ, ಅದರ ಹೆಸರು ಕೆಡಿಸಿದರೆ ಆ ಮನೆಯ ಹಾಲಿಗೇ ಕೇಡು ಬಗೆದ ಹಾಗೆ ಎಂದ. ವೈನಿ ಒಲೆಯ ಮುಂದಿನಿಂದಲೇ, "ಎಮ್ಮಿ ಮಾನ ಉಳೀತು, ಇವರ ಬಾಯಿ ಹೋತು. ಇನ್ನ ಕುರಿ ಸಾಯಲಿ, ಆಮ್ಯಾಲ ನಾವು," ಎಂದಳು. ಅಣ್ಣ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹಿಂಡಿನ ಕಡೆ ನಡೆದ.

ಓದುಗರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಡಾಕ್ಟರರ ಮುಂದೆ ರೋಗಿ ಹೇಳುವ ಮೊದಲ ನಾಲ್ಕು ಮಾತುಗಳೇ ವಿಮೆಯ ಬುಡ. ಆ ಹೊತ್ತಿಗೆ ಮನೆಯವರು ಪಕ್ಕದಲ್ಲಿರಬೇಕು; ಆಟೋದವನ ಜೊತೆಗಿನ ಜಗಳ ಆಮೇಲೆ ಮಾಡಿದರೂ ನಡೆಯುತ್ತದೆ.

ಮಾಣಿಕನಗರಕ್ಕೆ ನಾನೊಬ್ಬನೇ ಹೋದೆ. ಏನು ಹೇಳಬೇಕೆಂದು ದಾರಿಯಲ್ಲೆಲ್ಲ ಲೆಕ್ಕ ಹಾಕಿದ್ದೆ. ಮೊದಲು ಎಮ್ಮೆಯನ್ನು ಹೊಗಳುವುದು, ಆಮೇಲೆ ಅಣ್ಣನ ಕಷ್ಟ, ಕಡೆಗೆ ನಿಧಾನಕ್ಕೆ ಒದೆಯ ಸಂಗತಿ. ಆಕೆ ದೊಡ್ಡ ಕಡಾಯಿಯಲ್ಲಿ ಹಾಲು ತಿರುವುತ್ತಿದ್ದಳು. ಆಚೆ ಅಣ್ಣನ ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು, ಅಣ್ಣನ ಮನೆಯಲ್ಲಿದ್ದಾಗಿನದಕ್ಕಿಂತ ಮೈ ತುಂಬಿಕೊಂಡಿತ್ತು.

"ಎಮ್ಮಿ ಹ್ಯಾಂಗ ಅದರಿ ಅಕ್ಕಾ?"

"ಭೇಷ್ ಅದ. ನಿಮ್ಮ ಅಣ್ಣನ ಬಾಯಿ ಹ್ಯಾಂಗ ಅದ?"

"ಅದಾ... ಕಬ್ಬು ಕಚ್ಚಿ..."

ಆಕೆ ಸೌಟು ನಿಲ್ಲಿಸಿದಳು. "ಕಬ್ಬಿಗಿ ಗೊರಸು ಇರ್ತಾವೇನ್ರಿ ಅಣ್ಣಾರ?"



"ಇಲ್ಲಿಂದ ಇಲ್ಲೀತನಕ," ಎಂದು ಆಕೆ ತನ್ನ ಕೆನ್ನೆಯ ಮೇಲೆ ಬೆರಳಿನಿಂದ ಗೀರಿ ತೋರಿಸಿದಳು. "ಎರಡು ಹೋಳಿನ ಗುರ್ತು ಮೂಡಿತ್ತು. ಆಟೋದಾಗ ಅವರ ತಲಿ ನನ್ನ ಹೆಗಲ ಮ್ಯಾಲ ಇತ್ತು, ನನಗ ಕಾಣಂಗಿಲ್ಲೇನು? ಹುಟ್ಟಿದಾಗಿಂದ ಎಮ್ಮಿ ಹಿಂಡಾಕತ್ತೀನಿ. ನನಗೂ ಒದ್ದಾವ."

"ಮತ್ತ ಆಸ್ಪತ್ರ್ಯಾಗ ಯಾಕ ಸುಮ್ಮ ಇದ್ರಿ?"

"ಆ ಮನಷ್ಯಾ ರಕ್ತ ಉಗುಳಿಕೋತ ಎಮ್ಮಿ ಹೆಸರು ಉಳಸಾಕತ್ತಿದ್ದ. ನಾ ನಡುವ ಬಾಯಿ ಹಾಕಿ, ಸುಳ್ಳ ಹೇಳ್ತಾನ ಅನ್ಲೇನ್ರಿ? ಅದನ್ನ ನೋಡೇ ಹಗ್ಗ ಹಿಡದೀನಿ. ಇಂಥವರ ಕೈಯಾಗ ಬೆಳೆದ ಎಮ್ಮಿ ಒದಿಯೂದು ಅಲ್ಲ ಅಂತ ಗೊತ್ತಾತು. ಇಲ್ಲೀತನಕ ಒಂದ ಸಲಾ ಕಾಲು ಎತ್ತಿಲ್ಲ."

ಊರಿನ ಸಂತೆಯೆಲ್ಲ ನನ್ನನ್ನು ಬುದ್ಧಿವಂತ ಎನ್ನುತ್ತದೆ. ಆ ದಿನ ಆ ಕಡಾಯಿಯ ಮುಂದೆ ನಿಂತು ನಾನು ಬೆಪ್ಪಾದೆ. ಅಣ್ಣ ಎಮ್ಮೆಗಾಗಿ ಸುಳ್ಳು ಹೇಳಿದ್ದ, ಆಕೆ ಅಣ್ಣನಿಗಾಗಿ ಬಾಯಿ ಮುಚ್ಚಿಕೊಂಡಿದ್ದಳು. ಇಬ್ಬರ ಮರ್ಯಾದೆಯ ನಡುವೆ ಮೂರು ಹಲ್ಲು ಹೋಗಿದ್ದವು, ಕುರಿ ಹೋಗುವುದರಲ್ಲಿತ್ತು. ಹಿಂಡನ್ನು ಮಾರುವ ಮಾತು ಹೇಳಿದೆ. ಆಕೆ ಕಡಾಯಿಯನ್ನು ಕೆಳಗಿಳಿಸಿ, ಕೆಲಸದವಳಿಗೆ ಕೊಟ್ಟಿಗೆ ನೋಡಿಕೊಳ್ಳಲು ಹೇಳಿ, ಸೆರಗು ಸರಿಮಾಡಿಕೊಂಡು, "ನಡೀರಿ," ಎಂದಳು.

ಆಸ್ಪತ್ರೆಯಲ್ಲಿ, ತುಟಿ ಹೊಲಿದಿದ್ದ ಡಾಕ್ಟರರು ನಮ್ಮ ಮೇಲೆ ಹರಿಹಾಯ್ದರು. "ನನಗ ಆವತ್ತೇ ಸಂಶಯ ಇತ್ತು. ಪೇಷಂಟ್ ಬ್ಯಾರೆ ಹೇಳಿದ್ರ ನಾ ಏನ್ ಮಾಡ್ಲಿ?" ಎಂದರು. ಆದರೆ ಹೊಲಿಗೆ ಹಾಕುವ ಮೊದಲು ನರ್ಸು ಗಾಯದ ಫೋಟೋ ತೆಗೆದಿದ್ದಳು, ಅದು ಸಿಕ್ಕಿತು. ಕೆನ್ನೆಯ ಮೇಲೆ ಗೊರಸಿನ ಎರಡು ಹೋಳು, ಮುದ್ರೆ ಒತ್ತಿದ ಹಾಗೆ. ಅಷ್ಟು ಸ್ಪಷ್ಟವಾಗಿದ್ದದ್ದನ್ನು ನಾನು ಆವತ್ತು ನೋಡಿರಲೇ ಇಲ್ಲ. ಎಕ್ಸ್‌ರೇಯಲ್ಲಿ ಉಳಿದ ಹಲ್ಲಿನ ಬೇರು ಗಟ್ಟಿ ಇದ್ದದ್ದನ್ನು ಡಾಕ್ಟರಮ್ಮ ಬರೆದುಕೊಟ್ಟಳು. ಮರುಪರಿಶೀಲನೆ ಮಾಡಿ ಎಂದು ಕಂಪನಿಗೆ ಕಳಿಸಿದೆವು. ಮೊದಲ ಉತ್ತರವೇ ಕೊನೆಯ ಉತ್ತರ ಎಂದು ಎಷ್ಟೋ ಜನ ಕೈಬಿಡುತ್ತಾರೆ. ಬಿಡಬೇಡಿ. ಸಂತೆಯಲ್ಲಿ ಮೊದಲ ದರಕ್ಕೆ ಯಾರಾದರೂ ಒಪ್ಪುತ್ತಾರೆಯೇ?

ಕಂಪನಿಯವರು ವಿಚಾರಣೆಗೆ ಒಬ್ಬ ಸಾಹೇಬರನ್ನು ಕಳಿಸಿದರು. ಅಣ್ಣನ ಅಂಗಳದಲ್ಲಿ ಕುರ್ಚಿ ಹಾಕಿದೆವು. ಖವಾದ ಅಕ್ಕನೂ ಬಂದು ಕಟ್ಟೆಯ ಮೇಲೆ ಕೂತಳು. ಸಾಹೇಬರು, "ಏನಾಯ್ತು, ನೀವೇ ಹೇಳ್ರಿ," ಎಂದು ಅಣ್ಣನನ್ನು ಕೇಳಿದರು. ಇವನು ಈಗಲೂ ಕಬ್ಬು ಎಂದುಬಿಟ್ಟರೆ ಎಲ್ಲ ಮುಗಿದ ಹಾಗೆ.

ಅವನು ತಿರುಗಿ ಆಕೆಯನ್ನು ನೋಡಿದ. "ಅಕ್ಕಾ, ಎಮ್ಮಿ ಈಗ ನಿಮ್ದು. ಹೇಳ್ಲೇನ್ರಿ?"

"ಹೇಳ್ರಿ ಅಣ್ಣಾ. ನನ್ನ ಎಮ್ಮಿ ನಾ ಮಾರಂಗಿಲ್ಲ. ಹೆಸರು ಏನರ ಆಗ್ಲಿ."

"ಒದ್ದದ್ರಿ ಸಾಹೇಬ್ರ," ಎಂದ ಅಣ್ಣ. ಸಾಹೇಬರು ಬರೆಯತೊಡಗಿದರು. ಅಣ್ಣ ಎದ್ದು ಹೋಗಿ ಅವರ ಪೆನ್ನಿನ ಪಕ್ಕ ಬೆರಳಿಟ್ಟ. "ಒಂದ ಸಲ ಅಂತ ಬರೀರಿ. ಮದಲ ಒದ್ದಿಲ್ಲ, ಆಮ್ಯಾಲೂ ಒದ್ದಿಲ್ಲ. ಬರದ್ರೇನು? ಓದ್ರಿ ನೋಡೂನು."

ಸಾಹೇಬರು ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿದ.

ಕಂಪನಿ ಒಪ್ಪಿತು. ಒಪ್ಪಿದ ಸುದ್ದಿ ಬಂದಾಗಲೂ ನಾನು ಏಜೆಂಟನಿಗೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ತಿರುಪು ಕೂರಿಸಿ, ಎಲುಬು ಅದನ್ನು ಹಿಡಿಯುವವರೆಗೆ ತಿಂಗಳುಗಟ್ಟಲೆ ಕಾಯಿಸಿ, ಆಮೇಲೆ ಹಲ್ಲು ಕಟ್ಟಿದರು. ಅಲ್ಲಿಯವರೆಗೆ ವೈನಿ ಮತ್ತು ಅಣ್ಣ ಇಬ್ಬರೂ ಹಿಂಡಿನ ಎರಡು ಕಡೆ ನಿಂತು, ರಸ್ತೆಯಿಂದ ದೂರವೇ ಮೇಯಿಸಿದರು.

ಹಲ್ಲು ಕೂತ ಮರುದಿನ ನಾನು ಹೋದೆ. ಧಂದೆಯ ಅಭ್ಯಾಸಕ್ಕೆ ಅಣ್ಣನ ಗದ್ದ ಹಿಡಿದು ಬಾಯಿ ತೆರೆಸಿದೆ. "ಎಷ್ಟಕ್ಕ ಕೊಡ್ತಿಯೋ ನನ್ನ?" ಎಂದು ಅವನು ಕೈ ಕೊಡವಿದ. ಹಿಂಡು ಇಳಿಜಾರಿನಲ್ಲಿ ಚದುರಿ ಮೇಯುತ್ತಿತ್ತು. ಅವನು ನಾಲಿಗೆಯನ್ನು ಹೊಸ ಹಲ್ಲಿಗೆ ಒತ್ತಿದ. ಮೊದಲು ಬರೀ ಉಸಿರು. ಇನ್ನೊಮ್ಮೆ ಒತ್ತಿದ. ಸಿಳ್ಳೆ ಹೊರಟಿತು, ಮೊದಲಿಗಿಂತ ತೆಳುವಾಗಿ, ಕೊನೆಗೆ ಮೇಲಕ್ಕೆ ಚಿಮ್ಮಿ. ಹಳೆಯ ಕುರಿಗಳು ಮೇಯುವುದನ್ನು ಬಿಟ್ಟು ತಲೆ ಎತ್ತಿದವು. ಒಂದು ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲ ಒಟ್ಟಿಗೆ.

ಆದರೆ ಇಳಿಜಾರಿನಲ್ಲಿ ಇನ್ನೂ ಒಂದಷ್ಟು ನಿಂತೇ ಇದ್ದವು. ಕಿವಿ ನಿಮಿರಿಸಿ, ಹೊರಟುಹೋದ ತಾಯಂದಿರನ್ನೂ ಅಣ್ಣನನ್ನೂ ನೋಡುತ್ತಿದ್ದವು. ನಾನು ಗಾಬರಿಯಾಗಿ, "ಅಣ್ಣಾ, ಅವು ಯಾಕ ಬರವಲ್ಲವು?" ಎಂದೆ.

"ಮರಿ ಅದಾವ," ಎಂದ ಅಣ್ಣ. "ನನಗ ಹಲ್ಲು ಇಲ್ಲದಾಗ ಹುಟ್ಟಿದ್ವು. ಸಿಳ್ಳಿ ಕೇಳೇ ಇಲ್ಲ."

ಅಷ್ಟು ದಿನ ಆ ಬಾಯಿ ಬರಿದಾಗಿತ್ತು ಎನ್ನುವುದು ನನಗೆ ಸರಿಯಾಗಿ ತಿಳಿದದ್ದು ಆಗಲೇ. ಅಣ್ಣ ತುಟಿ ಒರೆಸಿಕೊಂಡು, ಮರಿಗಳ ಕಡೆ ನಾಲ್ಕು ಹೆಜ್ಜೆ ಹೋಗಿ, ಮೊದಲಿನಿಂದ ಸಿಳ್ಳೆ ಹಾಕತೊಡಗಿದ.